ಬೆಣ್ಣೆ ದೋಸೆಯ ಊರಿನಲ್ಲಿ ಒಂದು ಹಿಡಿ ಕೊಸರು

“ಅಜ್ಜಾ, ದಾವಣಗೆರೆಯಲ್ಲಿ ಸಮುದ್ರ ಇಲ್ಲ, ಬೆಟ್ಟವೂ ಇಲ್ಲ. ಅಲ್ಲಿ ನೋಡೋದೇನಿದೆ?”

ದಸರಾ ರಜೆಯಲ್ಲಿ ನನ್ನ ಹುಟ್ಟೂರಿಗೆ ಹೊರಟಿದ್ದೆವು. ರೈಲಿನ ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದವಳು ಆರನೇ ತರಗತಿಯ ಮೊಮ್ಮಗಳು. “ನೋಡೋದು ಸ್ವಲ್ಪ, ತಿನ್ನೋದು ಬಹಳ” ಎಂದೆ. ಅವಳ ಮುಖ ಅರಳಿತು.

ಸ್ಟೇಷನ್ನಿನಿಂದ ನೇರ ಬೆಣ್ಣೆ ದೋಸೆ ಹೋಟೆಲಿಗೆ ಹೋದೆವು. ಸೌದೆ ಒಲೆಯ ಮೇಲೆ ದೊಡ್ಡ ಕಾವಲಿ, ಅದರ ಮೇಲೆ ಸಾಲಾಗಿ ದೋಸೆಗಳು, ಪ್ರತಿಯೊಂದರ ಮೇಲೂ ಕರಗುವ ಬೆಣ್ಣೆ. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ನಾಟಕ ಥಿಯೇಟರಿನ ಬಳಿ ರಾಗಿ ದೋಸೆ ಮಾರಲು ಶುರು ಮಾಡಿದರಂತೆ. ಆಮೇಲೆ ಅವರ ಮಕ್ಕಳು ಅಕ್ಕಿ ಹಿಟ್ಟಿಗೆ ಬದಲಾದರಂತೆ. ಊರಿನವರು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಡಾಕ್ಟರು ಬೆಣ್ಣೆ ಬೇಡ ಎಂದಿದ್ದಾರೆ. ಹಾಗಾಗಿ ನಾನು ಖಾಲಿ ದೋಸೆ ತಿಂದೆ, ಅವಳು ಎರಡು ಬೆಣ್ಣೆ ದೋಸೆ ತಿಂದಳು. “ಹಿಟ್ಟು ರುಬ್ಬುವಾಗ ಒಂದಿಷ್ಟು ಮಂಡಕ್ಕಿಯನ್ನೂ ಹಾಕ್ತಾರೆ, ಅದಕ್ಕೇ ಇಷ್ಟು ಹಗುರ” ಎಂದೆ. “ಮಂಡಕ್ಕಿ ಅಂದ್ರೆ ಪುರಿ ತಾನೆ?” ಎಂದಳು. “ಇಲ್ಲಿ ಪುರಿ ಅನ್ನಬೇಡ, ಜಗಳಕ್ಕೆ ಬರ್ತಾರೆ” ಎಂದು ನಕ್ಕೆ.

ಮಧ್ಯಾಹ್ನ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಒಂದೇ ಮೂರ್ತಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವು ಬಾರದಿರಲೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರು ಎಂಬುದು ಪುರಾಣ. “ಜಾಣತನ ಅಂದ್ರೆ ಇದು!” ಎಂದಳು ಮೊಮ್ಮಗಳು. ಹೊಳಪಿನ ಕಂಬದಲ್ಲಿ ತನ್ನ ಮುಖ ಕಾಣುತ್ತದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ತುಂಗಭದ್ರೆಯ ದಡದಲ್ಲಿ ಕುಳಿತೆವು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಬಂದ ಹೊಳೆ ಇದು. ಇಲ್ಲಿ ಹರಿದ್ರಾ ಎಂಬ ಹಳ್ಳವೂ ಬಂದು ಸೇರುತ್ತದೆ. ಹೊತ್ತು ಮುಳುಗುವಾಗ ನೀರೆಲ್ಲ ತಾಮ್ರದ ಬಣ್ಣವಾಯಿತು.

ದಾವಣಗೆರೆಗೆ ಮರಳುವಷ್ಟರಲ್ಲಿ ದೀಪ ಹತ್ತಿದ್ದವು. ನಮ್ಮೂರಿನ ಸೊಗಸು ಶುರುವಾಗುವುದೇ ಆಗ. ಹತ್ತಿ ಗಿರಣಿಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ನನ್ನ ಅಪ್ಪ ಗಿರಣಿ ಕೆಲಸಗಾರ. ಪಾಳಿ ಮುಗಿಸಿ ಬರುವಾಗ ಪೇಪರಿನ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಿದ್ದರು. ಗಿರಣಿಗಳ ಸದ್ದು ನಿಂತಿತು. ಮಂಡಕ್ಕಿ ಅಂಗಡಿಗಳ ಸದ್ದು ನಿಂತಿಲ್ಲ. ಬಾಣಲೆಯಲ್ಲಿ ಮಿರ್ಚಿ ಚೊರ್ ಎನ್ನುತ್ತಿತ್ತು. ಪಕ್ಕದಲ್ಲಿ ಕರಿಬೇವು, ಕಡಲೆಬೀಜದ ಒಗ್ಗರಣೆ ಬಿದ್ದ ನರ್ಗೀಸ್ ಮಂಡಕ್ಕಿಯ ರಾಶಿ. ಮೇಲೆ ಹೆಚ್ಚಿದ ಈರುಳ್ಳಿ.

ಮೊಮ್ಮಗಳು ಅರ್ಧ ತಿಂದು, ಉಳಿದದ್ದನ್ನು ಬುಟ್ಟಿಗೆ ಎಸೆಯಲು ಎದ್ದಳು. “ನಿಲ್ಲು” ಎಂದೆ. ದನಿ ಸ್ವಲ್ಪ ಗಡುಸಾಗಿತ್ತು. ಅವಳು ಬೆರಗಾಗಿ ಕುಳಿತಳು. ಯಾರಿಗೂ ಹೇಳದಿದ್ದ ಸಂಗತಿಯನ್ನು ಆಗ ಅವಳಿಗೆ ಹೇಳಿದೆ.

ನಾನು ಏಳನೇ ತರಗತಿಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ದಿನವೂ ತಡವಾಗಿ ಬರುತ್ತಿದ್ದ. ಮೈಯೆಲ್ಲ ಹೊಗೆಯ ವಾಸನೆ, ತಲೆಯಲ್ಲಿ ಬೂದಿ. ನಾವೆಲ್ಲ ಅವನನ್ನು ‘ಬೂದಿ’ ಎಂದೇ ಕರೆಯುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ದೀಪಾವಳಿ ರಜೆಯ ನಂತರ ಅವನು ಶಾಲೆಗೆ ಬರಲೇ ಇಲ್ಲ.

ಕೆಲವು ತಿಂಗಳ ಮೇಲೆ ಅಪ್ಪ ನನ್ನನ್ನು ಮಂಡಕ್ಕಿ ಭಟ್ಟಿಗೆ ಕಳುಹಿಸಿದರು. ಭತ್ತವನ್ನು ನೆನೆಸಿ, ಬಿಸಿ ಮಾಡಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅರೆಗಳಿಗೆಯಲ್ಲಿ ಅರಳುತ್ತದೆ. ಒಲೆಗೆ ಭತ್ತದ ಹೊಟ್ಟೇ ಉರುವಲು. ಬಾಗಿಲಲ್ಲಿ ನಿಂತರೇ ಮುಖ ಸುಡುವ ಝಳ. ಒಳಗೆ ಒಲೆಯ ಮುಂದೆ ಮರಳು ಕೆದಕುತ್ತಿದ್ದವನು ಅವನೇ.

ನನ್ನನ್ನು ಕಂಡು ನಕ್ಕ. ಚೀಲ ತುಂಬಿಸಿ, ಮೇಲೆ ಒಂದು ಹಿಡಿ ಕೊಸರು ಹಾಕಿದ. “ಲೆಕ್ಕದಾಗ ಈಗ ಯಾವ ಪಾಠ ನಡದೈತಿ?” ಎಂದು ಕೇಳಿದ. ನನಗೆ ಬಾಯಿ ಬರಲಿಲ್ಲ. ಚೀಲ ಎತ್ತಿಕೊಂಡು ಓಡಿಬಂದೆ.

“ಆಮೇಲೆ ಸಾರಿ ಕೇಳಿದ್ಯಾ?”

“ಇಲ್ಲ. ಮತ್ತೆ ಸಿಗಲಿಲ್ಲ. ನಾನೂ ಹುಡುಕಲಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಈಗ ಹಾಗೆ ಮಕ್ಕಳು ಶಾಲೆ ಬಿಡಬಾರದಲ್ವಾ ಅಜ್ಜಾ?” ಎಂದಳು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕು ಎಂಬ ಕಾಯ್ದೆ 2009ರಲ್ಲಿ ಬಂದಿದೆ ಎಂದೆ. “ಕಾನೂನು ಇದೆ. ಹಿಂದಿನ ಬೆಂಚಿನವರನ್ನು ನೋಡಿ ನಗದೇ ಇರೋದು ಮಾತ್ರ ನಿಮ್ಮ ಕೈಲಿದೆ.” ಅವಳು ಪೊಟ್ಟಣ ಬಿಚ್ಚಿ, ತಣ್ಣಗಾಗಿದ್ದ ಮಂಡಕ್ಕಿಯನ್ನು ಒಂದೊಂದೇ ಹೆಕ್ಕಿ ತಿಂದಳು.

ಮರುದಿನ ಬೆಳಿಗ್ಗೆ ಅವಳೇ ಹಟ ಹಿಡಿದು ನನ್ನನ್ನು ಭಟ್ಟಿಗೆ ಎಳೆದುಕೊಂಡು ಹೋದಳು. ಒಲೆಯ ಮುಂದೆ ನಡುವಯಸ್ಸಿನ ಒಬ್ಬರು ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನ ಗೆಳೆಯನ ಬಗ್ಗೆ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಎರಡು ಸೇರು ಮಂಡಕ್ಕಿ ಕೊಂಡೆವು. ಅಳೆದು ಹಾಕಿದ ಮೇಲೆ ಅವರೂ ಒಂದು ಹಿಡಿ ಕೊಸರು ಹಾಕಿದರು.

“ಬಹಳ ಬಿಸಿ ಅಲ್ವಾ ಇಲ್ಲಿ?” ಎಂದು ಕೇಳಿದಳು ಮೊಮ್ಮಗಳು.

“ರೂಢಿ ಆಗೈತವ್ವ” ಎಂದು ಅವರು ನಕ್ಕರು.

ರೈಲು ಹೊರಟ ಮೇಲೆ ಅವಳು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. “ಇದನ್ನ ಕ್ಲಾಸಿಗೆ ತಗೊಂಡು ಹೋಗ್ತೀನಿ. ಹಿಂದಿನ ಬೆಂಚಿನಿಂದ ಹಂಚೋಕೆ ಶುರು ಮಾಡ್ತೀನಿ” ಎಂದಳು.