ಅವ್ವನ ಹಾಡೂ ಗಣಕದ ಹಟವೂ

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ಹಳೆಯದನ್ನು ಕೂಡಿಡುವ ಚಟ ಇರಬಾರದು, ಜಾಗ ಸಾಲದು. ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ನಾವಿಬ್ಬರು ಜೋಪಾನ ಮಾಡಿದ್ದು ಒಂದನ್ನೇ: ಅವ್ವನ ಹಾಡು. ನಮ್ಮಲ್ಲೊಬ್ಬರಿಗೆ ಆಕೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುವಾಗ ಇಬ್ಬರಿಗೂ ಅವ್ವನೇ.

1991ರಲ್ಲಿ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಎರಡು ಕ್ಯಾಸೆಟ್ ತುಂಬ ಹಾಡಿದ್ದಳು: ತೊಟ್ಟಿಲ ಹಾಡು, ಆರತಿಯ ಹಾಡು, ಹಸೆಗೆ ಕರೆಯುವ ಹಾಡು. ಆಕೆ ಹೋದ ಮೇಲೆ ಕ್ಯಾಸೆಟ್ಟುಗಳಿಗೆ ಮುಂಬಯಿಯ ಮಳೆಗಾಲದ ಬೂಸು ಹಿಡಿಯತೊಡಗಿತು. 2012ರಲ್ಲಿ ಅವನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿದೆವು. ಸಂಗೀತದ ಒಂದು ತಂತ್ರಾಂಶ ಕೊಂಡು, ಹಾಡಿನ ಹಿಂದೆ ತಂಬೂರಿಯ ಶ್ರುತಿ ಕೂಡಿಸಿ, ನಡುವಿನ ಕೆಮ್ಮು, ಕುಕ್ಕರಿನ ಸೀಟಿ, ಮಾತುಕತೆ ಎಲ್ಲವನ್ನೂ ಕತ್ತರಿಸಿ ಚೊಕ್ಕ ಮಾಡಿದೆವು. ನಮ್ಮ ಜಾಣತನಕ್ಕೆ ನಾವೇ ಮೆಚ್ಚಿ ಕ್ಯಾಸೆಟ್ಟುಗಳನ್ನು ರದ್ದಿಯವನಿಗೆ ಕೊಟ್ಟೆವು. ಅದೇ ನಮ್ಮ ಮೊದಲ ತಪ್ಪು.

ಎರಡನೆಯದು 2020ರ ಜನವರಿಯಲ್ಲಿ ಆಯಿತು. ಅಂದು ತೊಟ್ಟಿಲಲ್ಲಿದ್ದ ಮಗಳ ಲಗ್ನ ಮಾಘದಲ್ಲಿ ನಿಶ್ಚಯವಾಗಿತ್ತು. ಹಸೆಗೆ ಕರೆಯುವಾಗ ಅಜ್ಜಿಯ ಹಾಡೇ ಆಗಬೇಕೆಂದು ಅವಳ ಹಟ. ಗಣಕದ್ದೂ ಒಂದು ಹಟವಿತ್ತು: ‘ಹೊಸ ವ್ಯವಸ್ಥೆ ಬಂದಿದೆ, ಹಾಕಿಕೊಳ್ಳಿ’ ಎಂದು ದಿನವೂ ಕಾಟ. ಬ್ಯಾಂಕಿನ ಪುಟವೂ ಹಳೆಯದರಲ್ಲಿ ತೆರೆಯದಾಯಿತು. ಒಂದು ಶನಿವಾರ ರಾತ್ರಿ ‘ಹೂಂ’ ಎಂದು ಒತ್ತಿ ಮಲಗಿದೆವು.

ಬೆಳಿಗ್ಗೆ ನೋಡಿದರೆ ಸಂಗೀತದ ತಂತ್ರಾಂಶದ ಚಿತ್ರದ ಮೇಲೆ ಅಡ್ಡಗೆರೆ! ‘ತಯಾರಕರು ಇದನ್ನು ಸುಧಾರಿಸಬೇಕು’ ಎಂಬ ಒಂದು ಸಾಲು. ತಯಾರಕರೋ, ಆ ಅಂಗಡಿಯನ್ನೇ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಂದು ನಮ್ಮ ಮನೆಯಲ್ಲಿ ಚಹಾ ಕುಡಿದವರಿಲ್ಲ. ಒಬ್ಬರು ‘ನೀವೇ ಒತ್ತಿದ್ದು’ ಎಂದರೆ ಇನ್ನೊಬ್ಬರು ‘ನೀನೇ ಹೇಳಿದ್ದು’ ಎಂದದ್ದಾಯಿತು.

ಸಂಜೆ ನೆರೆಮನೆಯ ಮರಾಠಿ ಹುಡುಗ ಬಂದ. ‘ಕಾಕೂ, ಇದು 32 ಬಿಟ್ಟಿನ ಕಾಲದ್ದು’ ಎಂದ. ಅಂಥ ತಂತ್ರಾಂಶ ಗಣಕದ ನೆನಪಿನಲ್ಲಿ ಸುಮಾರು 429 ಕೋಟಿ ಜಾಗಗಳಿಗೆ, ಎಂದರೆ 4 ಗಿಗಾಬೈಟಿಗೆ ಮಾತ್ರ ಮನೆ ನಂಬರು ಕೊಡಬಲ್ಲದಂತೆ. 64 ಬಿಟ್ಟಿನದಕ್ಕೆ ಆ ಇಕ್ಕಟ್ಟಿಲ್ಲ. ಬಹಳ ವರ್ಷ ಎರಡೂ ಬಗೆಯವು ಒಂದೇ ಮನೆಯಲ್ಲಿ ಬಾಳಿದವು; ನಮ್ಮ ಗಣಕಕ್ಕೆ 2019ರಲ್ಲಿ ಬಂದ ವ್ಯವಸ್ಥೆ ಹಳೆಯವಕ್ಕೆ ಬಾಗಿಲು ಹಾಕಿತು. ತಂಬೂರಿಯದೋ ಇನ್ನೂ ಕಷ್ಟ. ಅದು ಬೇರೆಯವರ ತಂತ್ರಾಂಶ, ಇದರೊಳಗೆ ಬಾಡಿಗೆಗಿದ್ದದ್ದು. ಮನೆಯೇ ಬಿದ್ದ ಮೇಲೆ ಬಾಡಿಗೆಯವರು ಎಲ್ಲಿರಬೇಕು? ಹಿಂದಿನ ವ್ಯವಸ್ಥೆಗೆ ಮರಳೋಣವೆಂದರೆ ಅದರ ಪ್ರತಿಯನ್ನು ನಾವು ತೆಗೆದಿಟ್ಟಿರಲಿಲ್ಲ.

ಹುಡುಗ ಕಡತಗಳನ್ನು ಕೆದಕುತ್ತ ಹೋದ. ಒಂದರೊಳಗೊಂದು ಡಬ್ಬಿ ತೆರೆದಂತೆ ತೆರೆದು, ಕೊನೆಗೆ ‘ಕಾಕಾ, ಮಿಳಾಲಾ!’ ಎಂದು ಕೂಗಿದ. ಸಿಕ್ಕಿದ್ದು ‘ವೇವ್’ ಎಂಬ ಬಗೆಯ ಕಡತಗಳು. ಮೈಕ್ರೋಸಾಫ್ಟ್, ಐಬಿಎಂ ಸೇರಿ 1991ರಲ್ಲಿ ಹೊರತಂದ ಬಗೆ ಅದು. ಅವ್ವ ಹಾಡಿದ ವರ್ಷದ್ದೇ. ದನಿಯನ್ನು ಕ್ಷಣಕ್ಕೆ 44,100 ಸಲ ಅಳೆದು ಅಂಕಿಗಳನ್ನು ಸಾಲಾಗಿ ಬರೆದಿಟ್ಟದ್ದು, ಅಷ್ಟೆ. ಗುಟ್ಟಿಲ್ಲದ್ದರಿಂದ ಇಂದಿಗೂ ಯಾವ ಗಣಕವಾದರೂ ಅದನ್ನು ಓದುತ್ತದೆ.

ಕೇಳಿದೆವು. ತಂಬೂರಿ ಇರಲಿಲ್ಲ, ನಾವು ಮಾಡಿದ ಅಲಂಕಾರ ಒಂದೂ ಇರಲಿಲ್ಲ. ಆದರೆ ಕತ್ತರಿಸಿದ್ದೆವೆಂದುಕೊಂಡದ್ದೆಲ್ಲ ಅಲ್ಲೇ ಇತ್ತು! ನಮ್ಮ ಕತ್ತರಿ ತಂತ್ರಾಂಶದ ಲೆಕ್ಕದಲ್ಲಿ ಮಾತ್ರ ಆಡಿತ್ತು. ಮೂಲ ಕಡತವನ್ನು ಅದು ಮುಟ್ಟಿರಲಿಲ್ಲ. ಹಸೆಯ ಹಾಡಿನ ನಡುವೆ ಕುಕ್ಕರು ಕೂಗಿತು. ಹಿಂದೆಯೇ ಕೂಸಿನ ಅಳು. ಅವ್ವ ಹಾಡು ನಿಲ್ಲಿಸಿ, ‘ಬಂದೆ ಬಂದೆ, ನನ ಬಂಗಾರ... ಏ, ಆ ಟೇಪ್ ಬಂದ್ ಮಾಡ್ರಿ, ಕೂಸು ಎದ್ದದ’ ಎಂದಳು. ನಾವು ಆಗ ಬಂದ್ ಮಾಡಿರಲಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ ಗಲಾಟೆಯೆಂದು ಕತ್ತರಿಸಿದ್ದೆವು.

ನಮ್ಮ ಹಾಗೆ ಮನೆಯ ದನಿಗಳನ್ನು ಗಣಕದಲ್ಲಿ ಇಟ್ಟವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ವ್ಯವಸ್ಥೆ ಬದಲಿಸುವ ಮೊದಲು ನಿಮ್ಮ ತಂತ್ರಾಂಶ ಹೊಸದರಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ಪ್ರತಿ ಹಾಡನ್ನೂ ಕೂಡಿಸಿದ ಶ್ರುತಿಯೊಂದಿಗೆ ಒಮ್ಮೆ, ಬರಿದಾಗಿ ಒಮ್ಮೆ, ವೇವ್ ಕಡತವಾಗಿ ಇಳಿಸಿಕೊಳ್ಳಿ. ಅದನ್ನು ಬೇರೆ ಎರಡು ಕಡೆ ಇಡಿ. ಒಂದು ಊರಿನ ಮನೆಯಲ್ಲಿರಲಿ. ಕ್ಯಾಸೆಟ್ಟನ್ನಂತೂ ರದ್ದಿಗೆ ಹಾಕಬೇಡಿ.

ಲಗ್ನದ ದಿನ ಹಾಡನ್ನು ಎಲ್ಲಿಂದ ಎಲ್ಲಿಯವರೆಗೆ ಹಾಕಬೇಕೆಂದು ಮಗಳನ್ನು ಕೇಳಿದೆವು. ‘ಪೂರಾ ಇರಲಿ. ಅಳೋದು ನಾನs ಅಲ್ಲೇನು?’ ಎಂದಳು. ಹಸೆಯ ಮೇಲೆ ಕುಳಿತು ತನ್ನ ಅಳುವನ್ನು ತಾನೇ ಕೇಳಿ ನಕ್ಕವಳು, ಅಜ್ಜಿ ‘ಬಂದೆ ಬಂದೆ’ ಎನ್ನುವಾಗ ತಲೆ ತಗ್ಗಿಸಿದಳು.