ಸುಮ್ನೆ ಕೇಳ್ತಿದ್ದೀನಿ

‘ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ ಬರುತ್ತೆ? ಸುಮ್ನೆ ಕೇಳ್ತಿದ್ದೀನಿ’ ಅಂತ ನೆಂಟರ ವಾಟ್ಸ್ಯಾಪ್ ಗ್ರೂಪಲ್ಲಿ ಚಿಕ್ಕಪ್ಪ. ಅಕ್ಕನ ಮಗ, ಪಾಪ, ನಿಜವಾಗ್ಲೂ ಕೇಳಿದ್ರು ಅಂದ್ಕೊಂಡು 2024-25ರ ರಾಜ್ಯ ಬಜೆಟ್ ಹುಡುಕಿ, ಐದು ಗ್ಯಾರಂಟಿ ಯೋಜನೆಗೂ ಸೇರಿ ಸುಮಾರು 52 ಸಾವಿರ ಕೋಟಿ ಇಟ್ಟಿದ್ದಾರೆ ಅಂತ ತೆರಿಗೆ, ಸಾಲದ ಲೆಕ್ಕದ ಸಮೇತ ಉದ್ದಕ್ಕೆ ಬರೆದ. ಚಿಕ್ಕಪ್ಪ ಅದನ್ನ ಓದೋಕೂ ಹೋಗ್ಲಿಲ್ಲ. ತಕ್ಷಣ ‘ಹಾಗಾದ್ರೆ ರಸ್ತೆ ಗುಂಡಿ?’ ಅಂದ್ರು.

ಗ್ಯಾರಂಟಿ ಪರ ಇರೋರೂ ಏನು ಕಮ್ಮಿಯಿಲ್ಲ ಬಿಡಿ. ‘ಖಾತೆಗೆ ಹದಿನೈದು ಲಕ್ಷ ಬಂತಾ?’ ಅನ್ನೋರು ಯಾರೂ ಪಾಸ್‌ಬುಕ್ ಹಿಡ್ಕೊಂಡು ಕಾಯ್ತಿಲ್ಲ.

ಈ ಗಲಾಟೆ ಮಧ್ಯೆ ಅತ್ತೆ, ‘ಈ ತಿಂಗಳ ಗೃಹಲಕ್ಷ್ಮಿ ಎರಡು ಸಾವಿರ ಯಾರಿಗಾದ್ರೂ ಬಂತೇನ್ರೇ?’ ಅಂದಿದ್ರು. ನನ್ನ ಪ್ರಕಾರ ಉತ್ತರ ಬೇಕು ಅಂತ ಕೇಳಿದ್ದು ಅದೊಂದೇ. ಅದಕ್ಕೆ ಬಂದಿದ್ದು ಎರಡು ಪಕ್ಷದಿಂದ್ಲೂ ಒಂದೊಂದು ಮೀಮು.