ಅಕ್ಕೋಳದಿಂದ ಟ್ರ್ಯಾಕ್ಟರ್ ನೋಡಲು ಹೊರಟೆವು

2025ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಒಂಬತ್ತು ಟ್ರ್ಯಾಕ್ಟರ್ ಮಾಡೆಲ್, ಹದಿನಾಲ್ಕು ಕಾಲಂ. ಹೊಸ ಫೋನ್ ಕೊಳ್ಳುವಾಗ ನಾವು ಮಾಡ್ತೀವಲ್ಲ, ಹಾಗೇ.

ನಮ್ಮೂರು ಅಕ್ಕೋಳ, ನಿಪ್ಪಾಣಿ ತಾಲ್ಲೂಕು. ಪಕ್ಕದಲ್ಲೇ ವೇದಗಂಗಾ ನದಿ. ಮಳೆ ಜೋರಾದರೆ ಸಿದ್ನಾಳ ಕಡೆಗಿನ ಸೇತುವೆ ಮುಳುಗಿ ನಮ್ಮೂರ ಹೆಸರು ಪೇಪರಿನಲ್ಲಿ ಬರುತ್ತದೆ. ಉಳಿದ ದಿನ ನಾವು, ನಮ್ಮ ಕಬ್ಬು, ನಮ್ಮ ತಂಬಾಕು. ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಅರ್ಧ ಮರಾಠಿ.

ಇಷ್ಟು ವರ್ಷ ಅಪ್ಪ ಬಾಡಿಗೆ ಟ್ರ್ಯಾಕ್ಟರಿಗೆ ಪಾಳಿ ಹಚ್ಚಿ ಕಾಯುತ್ತಿದ್ದರು. ಹೋದ ವರ್ಷ ಪಾಳಿ ಬರುವಷ್ಟರಲ್ಲಿ ಎರೆ ಹೊಲದ ಹದ ತಪ್ಪಿ ಹೆಂಟೆ ಕಲ್ಲಾಗಿದ್ದವು. ಅವತ್ತೇ ಅಪ್ಪ ನಿರ್ಧಾರ ಮಾಡಿದ್ದರು. ಕಾಕಾನ ಹೊಲವೂ ಸೇರಿ ಎಂಟು ಎಕರೆ. ಸಾಲಕ್ಕೆ ಅದೇ ಅಡವು. ಹಾಗಾಗಿ ತಪ್ಪು ಗಾಡಿ ಬಂದರೆ ನಷ್ಟ ಬರೀ ದುಡ್ಡಿನದಲ್ಲ.

ಬೈಕ್ ಮೇಲೆ ಹೊರಟೆವು. ಪುಣೆ-ಬೆಂಗಳೂರು ಹೆದ್ದಾರಿ ಬಂದಾಗ ಅಪ್ಪ ಹಿಂದಿನಿಂದ ಭುಜ ತಟ್ಟಿ, "ಇಲ್ಲೇ ಕುಂತಿದ್ವಿ ನೋಡು" ಅಂದರು. 1981ರಲ್ಲಿ ನಿಪ್ಪಾಣಿ ಭಾಗದ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ನ್ಯಾಯದ ಬೆಲೆ ಕೇಳಿ ಇದೇ ಹೆದ್ದಾರಿ ತಡೆದಿದ್ದರು. ಕೊನೆಗೆ ಗೋಲಿಬಾರ್ ಆಗಿ ರೈತರು ಜೀವ ಕಳೆದುಕೊಂಡರು. ಅಪ್ಪನಿಗೆ ಆಗ ಹದಿನಾಲ್ಕು. ಅಜ್ಜನ ಬುತ್ತಿ ತಗೊಂಡು ಬರುತ್ತಿದ್ದರಂತೆ. ದರ ಕೇಳೋದು ನಮ್ಮ ಮನೆಗೆ ಹೊಸದೇನಲ್ಲ.

ಮೊದಲ ಶೋರೂಮ್. ಯಾವ ಊರಿನದು, ಯಾವ ಕಂಪನಿಯದು ಅಂತ ಹೇಳೋದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಸೇಲ್ಸ್ ಹುಡುಗ ನನ್ನ ಜೀನ್ಸ್ ಪ್ಯಾಂಟ್ ನೋಡಿದ, ಅಪ್ಪನ ಧೋತರ, ಟೊಪ್ಪಿಗಿ ನೋಡಿದ.

"ಬರ್ರಿ ಸರ್, ಬಜೆಟ್ ಎಷ್ಟೈತ್ರಿ? ಅಜ್ಜಾರ, ನೀವು ಅಲ್ಲಿ ಫ್ಯಾನ್ ಕೆಳಗ ಕೂಡ್ರಿ."

ಐವತ್ತೆಂಟರ ಅಪ್ಪ ಕೂಡಲಿಲ್ಲ. "ಲಿಫ್ಟ್ ಎಷ್ಟು ಕೆಜಿ ಎತ್ತತೈತ್ರಿ?" ಅಂತ ಕೇಳಿದರು. ಅವನು ನನಗೆ ಉತ್ತರ ಕೊಟ್ಟ. "ಅದೆಲ್ಲಾ ಹೆವಿ ಐತ್ರಿ ಸರ್, 50 ಎಚ್‌ಪಿ ಗಾಡಿ."

ನಾನು ಪಿಟಿಓ ಎಚ್‌ಪಿ ಎಷ್ಟು ಅಂತ ಕೇಳಿದೆ. ಗೊತ್ತಿಲ್ಲದವರಿಗೆ ಒಂದು ಮಾತು: ಬೋರ್ಡಿನ ಮೇಲೆ ಬರೆಯೋದು ಎಂಜಿನ್ ಎಚ್‌ಪಿ. ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟ್‌ಗೆ, ಅಂದರೆ ಪಿಟಿಓಗೆ ಬರೋದು ಅದಕ್ಕಿಂತ ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್ ಪರೀಕ್ಷೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಪಿಟಿಓ ಶಕ್ತಿ, ಎಳೆಯುವ ಬಲ, ಲಿಫ್ಟ್, ಬ್ರೇಕ್ ಎಲ್ಲಾ ಅಳೆದು ರಿಪೋರ್ಟ್ ಕೊಡುತ್ತದೆ. ಆ ರಿಪೋರ್ಟುಗಳು ಆನ್‌ಲೈನಿನಲ್ಲೂ ಸಿಗುತ್ತವೆ. ನಾನು ಫೋನಿನಲ್ಲಿ ತೋರಿಸಿದರೆ ಹುಡುಗ, "ನಮ್ಗ ಇದು ಹೇಳಿಕೊಟ್ಟಿಲ್ರಿ ಸರ್" ಅಂದ. ಅದಾದರೂ ಪ್ರಾಮಾಣಿಕ ಉತ್ತರ.

ಎರಡನೇ ಶೋರೂಮಿನಲ್ಲಿ ದೊಡ್ಡ ಬ್ಯಾನರ್ ಕಟ್ಟಿದ್ದರು. "ನಮ್ಮ ಕಡೆಯಿಂದ ಹಬ್ಬದ ಸ್ಪೆಷಲ್, 50 ಸಾವಿರ ಕಡಿಮೆ ಮಾಡೀವ್ರಿ." ನಿಜ ಏನಂದರೆ, ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ತೆರಿಗೆ ಸೇರಿ 8 ಲಕ್ಷ ಇದ್ದ ಗಾಡಿ ಅಷ್ಟಕ್ಕೇ ಏಳೂವರೆ ಲಕ್ಷ ಆಗುತ್ತದೆ. ಸರ್ಕಾರ ಬಿಟ್ಟ ತೆರಿಗೆಯನ್ನು ಇವರು ತಮ್ಮ ಉಡುಗೊರೆ ಮಾಡಿದ್ದರು.

ಕೊಟೇಶನ್ ಬರೆದು ಕೊಡ್ರಿ ಅಂದರೆ, "ಮೊದಲ ಬುಕ್ ಮಾಡ್ರಿ, ಆಮ್ಯಾಲ ಬರದ ಕೊಡ್ತೀವಿ." ಬ್ಯಾಂಕ್ ಲೋನ್ ಮಾಡಿಸ್ತೀವಿ ಅಂದರೆ, "ಬ್ಯಾಂಕ್ ಯಾಕ್ರಿ? ನಮ್ಮ ಫೈನಾನ್ಸ್ ಬರೀ 10 ಪರ್ಸೆಂಟ್."

ಆ 10 ಪರ್ಸೆಂಟ್ ಫ್ಲ್ಯಾಟ್ ರೇಟ್. 5 ಲಕ್ಷ ಸಾಲ, 5 ವರ್ಷ ಅಂದರೆ ಬಡ್ಡಿ ಎರಡೂವರೆ ಲಕ್ಷ, ತಿಂಗಳ ಕಂತು 12,500. ಅಸಲು ತೀರಿದಂತೆ ಬಡ್ಡಿ ಇಳಿಯುವ ಬ್ಯಾಂಕ್ ಲೆಕ್ಕದಲ್ಲಿ ಅದೇ 10 ಪರ್ಸೆಂಟಿಗೆ ಕಂತು ಸುಮಾರು 10,600, ಒಟ್ಟು ಬಡ್ಡಿ ಒಂದು ಲಕ್ಷ 37 ಸಾವಿರ. ಅವರ ಹತ್ತು ನಮ್ಮ ಲೆಕ್ಕದಲ್ಲಿ ಹದಿನೇಳರ ಮೇಲೆ. ನಾನು ಹತ್ತು ನಿಮಿಷ ಇಂಗ್ಲಿಷ್ ಬೆರೆಸಿ ವಾದ ಮಾಡಿದೆ. ಮ್ಯಾನೇಜರ್ ಸುಮ್ಮನಾದ. ಗೆದ್ದೆ ಅನ್ನಿಸಿತು.

ಹೊರಗೆ ಚಾ ಅಂಗಡಿಯಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆತ್ತಗೆ ಅಂದರು, "ಅವರಂತೂ ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲಲ್ಲೋ ತಮ್ಮಾ."

ಚಾ ಕಪ್ ಕೈಯಲ್ಲೇ ಉಳಿಯಿತು. ಎರಡು ಶೋರೂಮಿನಲ್ಲೂ ಅಪ್ಪ ಬಾಯಿ ತೆರೆದಾಗಲೆಲ್ಲ ನಾನು ಮಧ್ಯ ಬಂದಿದ್ದೆ. ಆ ಹುಡುಗ ಅಪ್ಪನನ್ನು ಫ್ಯಾನ್ ಕೆಳಗೆ ಕೂಡ್ರಿಸಿದ, ನಾನು ಹದಿನಾಲ್ಕು ಕಾಲಂ ಹಿಂದೆ ಕೂಡ್ರಿಸಿದ್ದೆ.

"ನಿಮ್ಗ ಏನು ಬೇಕು ಅಪ್ಪಾ?" ಅಂದೆ.

ಬೆರಳು ಮಡಚಿ ಹೇಳಿದರು. ಕಂತು ತಿಂಗಳಿಗಲ್ಲ, ಆರು ತಿಂಗಳಿಗೆ ಬೇಕು, ಯಾಕಂದ್ರ ಕಬ್ಬಿನ ಬಿಲ್ಲು ತಿಂಗಳಿಗೆ ಬರೂದಿಲ್ಲ. ನಮ್ಮ ಎರೆಯೊಳಗೆ ಒಂದು ಸಲ ಹೊಡೆದು ತೋರಿಸಬೇಕು. ಸೀಜನ್ನಿನಾಗ ಕೆಟ್ಟರ ಯಾರು ಬರ್ತಾರ, ಎಷ್ಟು ತಾಸಿಗೆ ಬರ್ತಾರ? ಈ ಮೂರರಲ್ಲಿ ಒಂದೂ ನನ್ನ ಶೀಟಿನಲ್ಲಿ ಇರಲಿಲ್ಲ.

ಮರುದಿನ ಮೂರನೆಯದು, ಸಣ್ಣ ಶೋರೂಮ್. ಎಸಿ ಇಲ್ಲ, ಬ್ಯಾನರ್ ಇಲ್ಲ. ನಡುವಯಸ್ಸಿನ ಒಬ್ಬರು ಎದ್ದು ಬಂದು ಅಪ್ಪನಿಗೆ ಕೈ ಮುಗಿದು, "ಎಷ್ಟು ಎಕರೆ ಐತ್ರಿ? ಮಣ್ಣು ಯಾವದು? ಟ್ರಾಲಿ ಹೊಡೀತೀರೋ, ಬರೀ ಹೊಲದ ಕೆಲಸಾನೋ?" ಅಂತ ಕೇಳಿದರು. ನಾನು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ.

ಅವರೇನೂ ದೇವರಲ್ಲ. ಗಾಡಿ ದರದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ. ನಾವು ಕೇಳದೇ ಸೇರಿಸಿದ್ದ ಆ್ಯಕ್ಸೆಸರೀಸ್ ಮಾತ್ರ ಹೇಳಿದ ಮೇಲೆ ತೆಗೆದರು. ಆದರೆ ಗಾಡಿ ದರ, ಇನ್ಶೂರೆನ್ಸ್, ಆರ್‌ಟಿಓ ಬೇರೆ ಬೇರೆ ಸಾಲಿನಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಮೊದಲು ಗಾಡಿ ತಗೊಂಡ ಮೂವರು ರೈತರ ನಂಬರ್ ಕೊಟ್ಟು, "ನಾವು ಹೇಳೂದಕ್ಕಿಂತ ಅವರನ್ನ ಕೇಳ್ರಿ" ಅಂದರು. ಅಪ್ಪ ಅಲ್ಲೇ ಕೂತು ಮೂವರಿಗೂ ಫೋನ್ ಹಚ್ಚಿದರು. ಕನ್ನಡದಲ್ಲಿ ಇಬ್ಬರಿಗೆ, ಮರಾಠಿಯಲ್ಲಿ ಒಬ್ಬರಿಗೆ. ಮೂವರೂ ಮೆಕ್ಯಾನಿಕ್‌ನ ಹೆಸರು ಹಿಡಿದು ಮಾತಾಡಿದ್ದು ಅಪ್ಪನಿಗೆ ಸಾಕಾಯಿತು.

ಎರಡು ದಿನ ಬಿಟ್ಟು ಡೆಮೋ ಗಾಡಿ ಅಕ್ಕೋಳಕ್ಕೆ ಬಂತು. ಅಪ್ಪ ಚಪ್ಪಲಿ ಬಿಟ್ಟು ಗಾಡಿ ಹಿಂದೆ ನಡೆದರು. ಪಾದದಿಂದ ಹೆಂಟೆ ಒತ್ತಿ ನೋಡಿದರು. ನನ್ನ ಶೀಟಿನಲ್ಲಿ ಆ ಮಾಡೆಲ್ ನಾಲ್ಕನೇ ನಂಬರಿಗಿತ್ತು. ಅಪ್ಪ "ಇದ ಇರಲಿ" ಅಂದರು.

ಸಾಲ ಬ್ಯಾಂಕಿನಲ್ಲೇ ಆಯಿತು, ಕಂತು ಆರು ತಿಂಗಳಿಗೆ. ನನ್ನ ಫ್ಲ್ಯಾಟ್ ರೇಟ್ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಂತು, ಈ ಸಲ ಅಪ್ಪ ಕೇಳಿದ ಮೇಲೆ ಹೇಳಿದೆ. ಚಿಕ್ಕೋಡಿ ಆರ್‌ಟಿಓದ ಕೆಎ-23 ನಂಬರ್ ಪ್ಲೇಟ್ ಬಂದ ದಿನ ಅವ್ವ ಗಾಡಿಗೆ ಆರತಿ ಬೆಳಗಿದಳು.

ಬೆಂಗಳೂರಿಗೆ ವಾಪಸ್ ಬಂದ ವಾರ ಮೊದಲ ಶೋರೂಮಿನ ಹುಡುಗ ಫೋನ್ ಮಾಡಿದ. "ಸರ್, ಟ್ರ್ಯಾಕ್ಟರ್ ಡಿಸೈಡ್ ಆತೇನ್ರಿ?"

"ಅದನ್ನ ನಮ್ಮ ಅಪ್ಪಾಗ ಕೇಳ್ಬೇಕ್ರಿ" ಅಂದು ನಂಬರ್ ಕೊಟ್ಟೆ. ಸಂಜೆ ಮನೆಗೆ ಫೋನ್ ಮಾಡಿ ವಿಚಾರಿಸಿದೆ. ಯಾರ ಫೋನೂ ಬಂದಿರಲಿಲ್ಲ.